ಸುಣ್ಣದ ಗೆರೆಯ ರೂಮು

ನನ್ನ ಭಾವನಂಥ ಪ್ರಾಮಾಣಿಕ ಸಾಲಗಾರ ಚಿಕ್ಕಬಳ್ಳಾಪುರದಲ್ಲಿ ಇನ್ನೊಬ್ಬನಿಲ್ಲ. ಯಾಕೆಂದರೆ ಅವರು ಸಾಲ ಸಿಗುವ ಮೊದಲೇ ಕಂತು ಕಟ್ಟಲು ಶುರುಮಾಡಿದವರು!

ಸಂಗತಿ ಇಷ್ಟೇ. ಅಕ್ಕ, ಭಾವ, ಭಾವನ ತಾಯಿ, ಹದಿನಾರರ ಮಗಳು, ಇಷ್ಟು ಜನ ಇರುವುದು ಎರಡೇ ಕೋಣೆಯ ಮನೆಯಲ್ಲಿ. ಹುಡುಗಿಯ ಪಾಲಿಗೆ ಸಿಕ್ಕಿದ್ದು ಅಜ್ಜಿಯ ಮಂಚ ಅರ್ಧ, ಅಜ್ಜಿಯ ಧಾರಾವಾಹಿ ಪೂರ್ತಿ. "ಬಾಗಿಲು ಹಾಕ್ಕೊಳ್ಳೋಕೆ ನಂಗೊಂದು ರೂಮು ಬೇಕು" ಎಂದಳು. ಮನೆಯ ಮೇಲೆ ರೂಮು ಏಳಬೇಕಾದರೆ ಹಳೆಯ ಗೃಹಸಾಲದ ಮೇಲೂ ಒಂದು ಮಹಡಿ ಏಳಬೇಕು. ಏರಿದ ಕಂತನ್ನು ಸಂಬಳದಲ್ಲಿ ತೂಗಿಸಲು ಆಗುತ್ತದೋ ಇಲ್ಲವೋ? ನೋಡೇಬಿಡೋಣವೆಂದು ಭಾವ ರಿಹರ್ಸಲ್ ಇಟ್ಟರು. ಬರಲಿರುವ ಸಾಲಕ್ಕೆ ಜಾಮೀನು ನಿಲ್ಲಲು ಸಿಕ್ಕಿದವನು ನಾನು! ನಾನೋ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ನಂದಿಬೆಟ್ಟದ ಅರ್ಧ ದಾರಿಯಿಂದ ವಾಪಸಾದ ಪ್ರಾಣಿ. ಬಂದು ನೋಡಿದರೆ ಸಿಲಿಂಡರೇ ಖಾಲಿ.

ರಿಹರ್ಸಲ್ಲಿನಲ್ಲಿ ಅಕ್ಕನೇ ಬ್ಯಾಂಕ್ ಮ್ಯಾನೇಜರು. ಏರಲಿರುವ ಕಂತಿನಷ್ಟು ಹಣವನ್ನು ಪ್ರತಿ ತಿಂಗಳೂ ಭಾವ ಇಸ್ತ್ರಿ ಶರ್ಟು ತೊಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ಸಲ್ಲಿಸಬೇಕು. ಒಮ್ಮೆ ನಾನೇ ಕಂಡೆ.

"ಮೇಡಂ, ಈ ಸಲ ಎರಡು ದಿನ ಟೈಮ್ ಕೊಡಿ. ಮಗಳ ಟ್ಯೂಷನ್ ಫೀಸ್ ಬಂದ್ಬಿಡ್ತು."

"ಆಗಲ್ಲ ರೀ. ದಂಡ ಬೀಳುತ್ತೆ."

"ಎಷ್ಟು ದಂಡ?"

"ಈ ಈರುಳ್ಳಿ ಅಷ್ಟೂ ಹೆಚ್ಚಿ."

ಭಾವ ಕಣ್ಣೀರು ಸುರಿಸುತ್ತ ಹೆಚ್ಚಿದರು. ನಿಜವಾದ ಸಾಲಗಾರನಿಗೂ ಇಷ್ಟು ಕಣ್ಣೀರು ಬಂದಿರಲಾರದು!

ಉಳಿತಾಯದ ಕತ್ತರಿ ಮೊದಲು ಬಿದ್ದದ್ದು ಮಗಳ ಫೇಸ್‌ವಾಶ್ ಮೇಲೆ. ಭಾವ ಕಡಲೆಹಿಟ್ಟಿನ ಡಬ್ಬ ತಂದು ಮುಂದಿಟ್ಟರು.

"ಅಪ್ಪಾ, ಇದು ಮುಖಕ್ಕಾ, ಬಜ್ಜಿಗಾ?"

"ಮುಖಕ್ಕೇ ಕಣಮ್ಮಾ. ಮಿಕ್ಕಿದ್ರೆ ಬಜ್ಜಿಗೂ ಆಗುತ್ತೆ."

ಆಮೇಲೆ ಟೊಮೆಟೊ ಅಗ್ಗವೆಂದು ಸ್ಕೂಟರಿನಲ್ಲಿ ಪೆರೇಸಂದ್ರಕ್ಕೆ ಹೋಗಿಬಂದರು. ಸುತ್ತಲ ಊರಿನವರೆಲ್ಲ ತರಕಾರಿ ಹೇರಿಕೊಂಡು ಮಾರಲು ಬರುವ ಚಿಕ್ಕಬಳ್ಳಾಪುರದಿಂದ!

"ಪೆಟ್ರೋಲು ಯಾವ ಲೆಕ್ಕಕ್ಕಪ್ಪಾ?" ಎಂದಳು ಮಗಳು.

"ಅದು ಗಾಳಿಸೇವನೆ ಲೆಕ್ಕ."

ಅಕ್ಕ ತೆಲುಗಿನಲ್ಲಿ ಗೊಣಗಿದಳು, "ಪಿಚ್ಚಿ ಮುದಿರಿಂದಿ." ಹುಚ್ಚು ಬಲಿತಿದೆಯಂತೆ.

ಎಷ್ಟು ಬಲಿತಿದೆಯೆಂದು ತಾರಸಿಗೆ ಹೋದಾಗ ಗೊತ್ತಾಯಿತು. ಅಲ್ಲಿ ಭಾವ ಸುಣ್ಣದ ಪುಡಿಯಲ್ಲಿ ರೂಮಿನ ಗುರುತು ಹಾಕಿದ್ದರು. ನಾಲ್ಕು ಗೋಡೆಗೆ ನಾಲ್ಕು ಗೆರೆ, ಬಾಗಿಲಿಗೆ ಸ್ವಲ್ಪ ಖಾಲಿ ಜಾಗ. ಒಳಗೆ ಚಾಪೆ, ಪುಸ್ತಕ, ಮಗಳು. ರೂಮು ಎಷ್ಟಿದ್ದರೆ ಸಾಕೆಂದು ವಾಸ ಮಾಡಿಯೇ ತಿಳಿದುಕೊಂಡರೆ ಸಾಲವನ್ನೂ ಅಷ್ಟೇ ಮಾಡಬಹುದೆಂಬುದು ಭಾವನ ಲೆಕ್ಕ! ನಾನು ನೇರ ನಡೆದುಬಿಟ್ಟೆ.

"ಏಯ್, ಗೋಡೆ ಒಳಗಿಂದ ನುಗ್ತೀಯಲ್ಲೋ! ಬಾಗಿಲು ಆ ಕಡೆ ಐತೆ."

"ಗೋಡೆ ಎಲ್ಲಿದೆ ಭಾವ?"

"ಸಾಲ ಬಂದ್ಮೇಲೆ ಕಾಣುತ್ತೆ."

ನನಗಾಗಲೇ ಕಾಣುತ್ತಿತ್ತು. ಗೋಡೆಯಲ್ಲ, ಬ್ಯಾಂಕಿನವರು ನನ್ನ ಮನೆಯ ಬಾಗಿಲು ಬಡಿಯುವುದು.

ಕಳೆದ ಭಾನುವಾರ, ಜಾಮೀನು ನನ್ನಿಂದಾಗದು ಎಂದು ಹೇಳಿಬಿಡಲೆಂದೇ ಹೊರಟೆ. ನನ್ನೂರು ಶಿಡ್ಲಘಟ್ಟದಿಂದ ಬಸ್ಸಿನ ದಾರಿಯುದ್ದಕ್ಕೂ ಆ ಮಾತನ್ನು ನಾನೂ ರಿಹರ್ಸಲ್ ಮಾಡಿದ್ದೆ. ಮನೆಯಲ್ಲಿ ನೋಡಿದರೆ ಅಜ್ಜಿಯ ಟಿವಿ ಕೂಡ ಆಫ್ ಆಗಿತ್ತು. ಹುಡುಗಿ ಪರೀಕ್ಷೆಯಲ್ಲಿ ಅಂಕ ತೀರಾ ಕಡಿಮೆ ಬಂದದ್ದಕ್ಕೆ ಯಾರೊಡನೆಯೂ ಮಾತಾಡದೆ ಮೇಲೆ ಹೋಗಿ ಕೂತಿದ್ದಳು. ಭಾವ ಹಾಲಿನ ಲೋಟ ಹಿಡಿದು ಮೆಟ್ಟಿಲು ಹತ್ತಿದರು. ಹಿಂದೆ ನಾನು.

ಗೆರೆಯೊಳಗೆ ಅವಳು ಬೆನ್ನು ಹಾಕಿ, ಮಂಡಿಗೆ ಮುಖ ಒತ್ತಿ ಕೂತಿದ್ದಳು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಭಾವ ಮಗಳ ತಲೆ ಸವರಬಹುದಿತ್ತು. ಅವರು ಸುತ್ತು ಹಾಕಿ, ಬಾಗಿಲಿನ ಜಾಗಕ್ಕೆ ಹೋಗಿ ನಿಂತರು.

"ಒಳಗೆ ಬರ್ಲೇನಮ್ಮಾ?"

"ಬೇಡಪ್ಪ. ಆಮೇಲೆ."

ರೂಪಾಯಿ ರೂಪಾಯಿಗೂ ಪ್ರಶ್ನೆ ಕೇಳುವ ಮನುಷ್ಯ ಅಂಕದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಹೊಸ್ತಿಲು ಬರಬೇಕಾದ ಕಡೆ ಲೋಟ ಇಟ್ಟು ಹಿಂದೆ ಸರಿದರು. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಒಂದು ಕೈ ಬಂದು ಲೋಟವನ್ನು ಒಳಗೆ ತೆಗೆದುಕೊಂಡಿತು.

ಇಳಿಯುವಾಗ ಭಾವ ಪಿಸುಗುಟ್ಟಿದರು, "ರೂಮು ಸಣ್ಣದಾಯ್ತೇನೋ? ಇನ್ನೆರಡು ಅಡಿ ಹಾಕ್ಸಣ ಅಂತೀಯಾ?"

ಎರಡು ಅಡಿಗೆ ಕಂತು ಎಷ್ಟು ಏರಬಹುದೆಂದು ನನ್ನ ತಲೆ ಆಗಲೇ ಲೆಕ್ಕ ಹಾಕತೊಡಗಿತ್ತು. ಬಾಯಿ ಮಾತ್ರ, "ಹಾಕ್ಸಿ ಭಾವ. ಸಹಿ ಎಲ್ಲಿ ಮಾಡ್ಬೇಕು ಹೇಳಿ" ಎಂದುಬಿಟ್ಟಿತು.