ಕಾಫಿ ಡಬ್ಬಿಯ ತೋಟಾಗಳು

ಲೈಲ್ ಬ್ರೆಕಿ ಆಡಿದ್ದು ಒಂದೇ ಒಂದು ಸುಳ್ಳು. ಆದರೆ ಅದು ಮೂರು ವರ್ಷ ಮೇದು ಮೇದು, ಇಡೀ ಮೊಂಟಾನಾದಲ್ಲಿ ಕಟ್ಟಿಹಾಕಲು ಕೊಟ್ಟಿಗೆಯೇ ಸಿಗದಷ್ಟು ಕೊಬ್ಬಿತ್ತು. ಅಂಗಡಿಯಿಂದ ರೈಫಲ್ಲಿನ ತೋಟಾ ತರುವುದು, ರಟ್ಟಿನ ಪೆಟ್ಟಿಗೆಯನ್ನು ಒಲೆಗೆ ಹಾಕುವುದು, ತೋಟಾಗಳನ್ನು ಹಳೆಯ ಕಾಫಿ ಡಬ್ಬಿಗೆ ಸುರಿದುಕೊಂಡು ಮಾವನ ಮುಂದೆ ಗಲಗಲ ಅಲ್ಲಾಡಿಸಿ, "ಎಲ್ಲಾ ನನ್ನ ಕೈಯಾರೆ ತುಂಬಿದ್ದು, ಮಾವ" ಎನ್ನುವುದು. ಮಾವ ಗಾರ್ವಿನ್ ಮೂವತ್ತು ವರ್ಷದಿಂದ ಖಾಲಿ ಕೊಳವೆಗೆ ಮದ್ದು, ಗುಂಡು ಹಾಕಿ ತನ್ನ ತೋಟಾ ತಾನೇ ತುಂಬುವವನೆಂದು ಮೂರು ಜಿಲ್ಲೆಗೆ ಹೆಸರಾದವನು. ಅವನು ಅಳಿಯನಲ್ಲಿ ಮೆಚ್ಚಿದ್ದ ಗುಣವೂ ಅದೊಂದೇ.

ಎಲ್ಕ್ ಜಿಂಕೆಯ ಬೇಟೆ ಶುರುವಾಗುವ ಹಿಂದಿನ ದಿನ ಬೆಳಿಗ್ಗೆ ಮಾವನ ಫೋನು ಬಂತು. "ನಾಲ್ಕು ಗಂಟೆಗೆ ಬರ್ತೀನಿ ಕಣಪ್ಪಾ. ನೀನು ತೋಟಾ ತುಂಬೋದನ್ನ ಇವತ್ತು ಕಣ್ಣಾರೆ ನೋಡ್ಬೇಕು."

ಲೈಲ್ ಫೋನಿಟ್ಟ. ಅವನ ಗ್ಯಾರೇಜಿನಲ್ಲಿದ್ದುದು ಹುಲ್ಲು ಕತ್ತರಿಸುವ ಯಂತ್ರ ಮತ್ತು ಒಂದು ತೂತುದೋಣಿ.

"ಯಾಕೆ ಲೈಲ್, ಮುಖ ಸುಣ್ಣದ ಗೋಡೆ ಆಗಿದೆ?" ಎಂದಳು ಹೆಂಡತಿ ಮಾರ್ಲಾ.

"ನಿಮ್ಮಪ್ಪ ಬರ್ತಾರಂತೆ. ಖುಷಿಗೆ," ಎಂದವನೇ ಟ್ರಕ್ ಹತ್ತಿದ.

ಊರಿನ ಬೇಟೆ ಸಾಮಾನಿನ ಅಂಗಡಿ ನೋರ್ಮಾಳದು. ತೋಟಾದ ಕಪಾಟು ಆಗಲೇ ನೊಣ ಜಾರುವಷ್ಟು ಖಾಲಿ. ಒಲೆಯ ಸುತ್ತ ಕ್ಲೈಡ್ ಮತ್ತು ರಸ್, ಇಬ್ಬರೂ ಹುಟ್ಟಿದಾಗಿನಿಂದ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದವರು.

"ತೋಟಾ ತುಂಬೋ ಸಾಮಾನು ಬೇಕಿತ್ತು," ಲೈಲ್ ದನಿ ತಗ್ಗಿಸಿದ. "ನನಗಲ್ಲ, ಒಬ್ಬ ಗೆಳೆಯನಿಗೆ. ಪಾಪ, ಏನೂ ಗೊತ್ತಿಲ್ಲ. ಅಗ್ಗದ್ದು ಸಾಕು."

"ಹಿಡಿ ಒಂದ್ಸಲ ಎಳೆದ್ರೆ ಒಂದೇ ಕೆಲ್ಸ ಮಾಡೋ ಪ್ರೆಸ್ ಕೊಡ್ಸು. ಕಲಿಯೋನಿಗೆ ಅದೇ ಸರಿ," ಎಂದ ಕ್ಲೈಡ್, ಕೇಳದೆಯೇ.

"ಥೂ! ಅದ್ರಲ್ಲಿ ಇಪ್ಪತ್ತು ತೋಟಾ ಆಗೋಷ್ಟ್ರಲ್ಲಿ ಎಲ್ಕೇ ಮುಪ್ಪಾಗಿ ಸತ್ತಿರತ್ತೆ. ತಿರುಗೋ ತಲೆದು ಕೊಡ್ಸು," ಎಂದ ರಸ್.

"ಪ್ರೆಸ್ ಎಂಥದ್ದೋ ಇರ್ಲಿ, ಮದ್ದು ತೂಗೋ ತಕ್ಕಡೀಲಿ ಜುಗ್ಗತನ ಬೇಡ. ಮದ್ದು ಒಂಚೂರು ಹೆಚ್ಚಾಗಿ ನಮ್ಮ ಭಾವನ ಹುಬ್ಬು ಪಕ್ಕದ ಜಿಲ್ಲೇಲಿ ಸಿಕ್ತು!" ಕ್ಲೈಡ್ ಬಿಡಲಿಲ್ಲ.

ಲೈಲ್ ಹುಬ್ಬು ಮುಟ್ಟಿ ನೋಡಿಕೊಂಡ.

"ಗೆಳೆಯಂದು ಯಾವ ರೈಫಲ್ಲು?" ಎಂದ ಕ್ಲೈಡ್.

"ನಂದೇ... ನಂದರ ಥರಾನೇ. ಥರ್ಟಿ-ಆಟ್-ಸಿಕ್ಸ್."

"ಹೆಸರು?"

ಲೈಲ್‌ನ ಕಣ್ಣು ಟ್ರೌಟ್ ಮೀನಿನ ಗಾಳಗಳ ಮೇಲೆ ಬಿತ್ತು. "ಟ್ರೌಟ್... ಟ್ರೌಟ್‌ಮನ್."

ನೋರ್ಮಾ ಕನಿಕರದಿಂದ ಅವನನ್ನು ಹಿಂದಿನ ಕೋಣೆಗೆ ಕರೆದಳು. "ಹೊಸದು ಟ್ರೌಟ್‌ಮನ್ನನ ಜೇಬಿಗೆ ಎಟಕಲ್ಲ. ನಿನ್ನೆ ಒಂದು ಹಳೇ ಸೆಟ್ ಬಂದಿದೆ. ನಿನ್ನ ರೈಫಲ್ ಅಳತೇದೇ ಅಚ್ಚು, ಪ್ರೆಸ್ಸು, ತಕ್ಕಡಿ, ಪುಸ್ತಕ, ಎಲ್ಲಾ ಸೇರಿ ನೂರಿಪ್ಪತ್ತು ಡಾಲರ್. ಯಾರದ್ದು ಅಂತ ಮಾತ್ರ ಕೇಳ್ಬೇಡ, ಮಾತು ಕೊಟ್ಟಿದೀನಿ."

ಹಳೆಯದಾದರೂ ಪ್ರೆಸ್ಸಿನ ಹಸಿರು ಬಣ್ಣಕ್ಕೆ ಒಂದು ಗೀರೂ ಇರಲಿಲ್ಲ. ಎಂಥ ನಾಜೂಕಿನ ಕೈಯೋ! ಲೈಲ್ ದುಡ್ಡು ಕೊಟ್ಟು ಓಡಿದ.

ಮೂರು ಗಂಟೆಗೆ ಪ್ರೆಸ್ಸನ್ನು ಮೇಜಿಗೆ ಬಿಗಿದ. ಎರಡು ತಿರುಪು ಉಳಿದವು. ಹೆಚ್ಚಿಗೆ ಕೊಟ್ಟಿದ್ದಾರೆಂದು ಜೇಬಿಗೆ ಹಾಕಿಕೊಂಡ. ಪುಸ್ತಕ ತೆರೆದರೆ ಮೊದಲ ಪುಟದಲ್ಲೇ ಹನ್ನೆರಡು ಎಚ್ಚರಿಕೆಗಳು, ಒಂದೊಂದಕ್ಕೂ ಒಂದೊಂದು ತಲೆಬುರುಡೆ. ಬೆವರು ಮೊಣಕಾಲಿನವರೆಗೂ ಹರಿಯಿತು. ಮದ್ದು ಮುಗಿದಿದೆ ಎಂದುಬಿಡುವುದೆಂದು ನಿಶ್ಚಯಿಸಿ, ಯಂತ್ರ ದುಡಿದಂತೆ ಕಾಣಲೆಂದು ಅದಕ್ಕೆ ಹುಲ್ಲು ಯಂತ್ರದ ಮಸಿಯನ್ನೆಲ್ಲ ಬಳಿದ.

ನಾಲ್ಕಕ್ಕೆ ಸರಿಯಾಗಿ ಗಾರ್ವಿನ್ ಬಂದ. ಪ್ರೆಸ್ ನೋಡಿದವನು ಅಲ್ಲೇ ನಿಂತುಬಿಟ್ಟ. ಬಗ್ಗಿ, ಬುಡದ ಮಸಿಯನ್ನು ಹೆಬ್ಬೆರಳಲ್ಲಿ ಒರೆಸಿದ. ಬಿಳಿ ಬಣ್ಣದಲ್ಲಿ ಬರೆದ ಅವನದೇ ಹೆಸರು ಕಂಡಿತು.

ಗಾರ್ವಿನ್ ಮೆಲ್ಲಗೆ ಗ್ಯಾರೇಜಿನ ಬಾಗಿಲು ಎಳೆದುಕೊಂಡ. "ನೋರ್ಮಾ ಬಾಯಿ ಬಿಟ್ಲಾ?"

"ಮಾವ, ನಾನು..."

"ಹೋಗ್ಲಿ ಬಿಡು, ಇನ್ನೇನು ಮುಚ್ಚಿಡೋದು. ಮೂವತ್ತು ವರ್ಷ ಇಟ್ಕೊಂಡಿದ್ದೆ, ಒಂದಿನ ಹಿಡಿ ಮುಟ್ಟಿಲ್ಲ, ನಿನ್ನೆ ಅವಳಿಗೆ ಮಾರ್ಬಿಟ್ಟೆ. ಭಯ ಕಣಪ್ಪಾ! ಅಂಗಡಿ ತೋಟಾನೇ ತಂದು ಕಾಫಿ ಡಬ್ಬೀಲಿ ಹಾಕ್ಕೊಳ್ತಿದ್ದೆ."

"ನಾನೂ..." ಎಂದ ಲೈಲ್. ಅಷ್ಟರಲ್ಲಿ ಮಾವನ ಕಣ್ಣು ನೋಡಿದ. ಅಳಿಯನಾದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಲ್ಲಿ ಭಕ್ತಿಯಿತ್ತು. "ನಾನೂ... ಹಾಗೇ ಅಂದ್ಕೊಂಡಿದ್ದೆ, ಮಾವ."

"ಜಾಣ! ನಿನ್ನ ಹಳೇ ಪ್ರೆಸ್ ಸವೆದುಹೋಯ್ತೇನೋ?"

"ಹೂಂ. ಪೂರ್ತಿ. ಮದ್ದೂ ಮುಗಿದಿದೆ, ಮಾವ."

"ಇದನ್ನ ತಂದು ಒಂದಿನಾನೂ ಆಗಿಲ್ಲ, ಹೇಗೆ ದುಡಿಸಿದೀಯ ನೋಡು! ಮದ್ದು ಇಲ್ಲ ಅಂತ ಚಿಂತೆ ಬೇಡ, ನನ್ನದು ಸೀಲೂ ಒಡೆಯದೆ ಟ್ರಕ್ಕಲ್ಲಿದೆ. ಅಂಗಡೀಲಿ ತೋಟಾ ಮುಗಿದಿದೆ, ನಾಳೆಗೆ ನೀನೇ ಗತಿ. ಹೇಳ್ಕೊಡು."

ಗಾರ್ವಿನ್ ಕನ್ನಡಕ ಏರಿಸಿ, ನೋಟ್‌ಬುಕ್ ತೆರೆದು, ಪೆನ್ಸಿಲ್ ತುದಿ ನೆಕ್ಕಿದ. "ಶುರು ಮಾಡಿ, ಮೇಷ್ಟ್ರೇ."

ಲೈಲ್ ದೇವರನ್ನು ನೆನೆದು ಹಿಡಿಯನ್ನು ಎಳೆದ. ಅದು ಬುಡಸಮೇತ ಕಿತ್ತು ಕೈಗೆ ಬಂತು.

ಗಾರ್ವಿನ್ ತಲೆಯೆತ್ತಲಿಲ್ಲ. ಶ್ರದ್ಧೆಯಿಂದ ಬರೆದುಕೊಂಡ: "ಒಂದು. ಮೊದಲು ಹಿಡಿಯನ್ನು ಕಳಚಬೇಕು."

"ಆಮೇಲೆ?" ಎಂದ.