ಹೂವೋ ಕೋಸೋ

"ಇದು ಹೂವೇನ್ರೀ? ಎಲೆಕೋಸು!" ಎಂದರು ಕಣ್ಣಿನ ಡಾಕ್ಟರು.

"ಕೋಸು ಕಂಡ್ರೆ ಅದು ನಿಮ್ಮ ಕಣ್ಣಿನ ದೋಷ. ಮೊದಲು ಯಾರಿಗಾದ್ರೂ ತೋರಿಸ್ಕೊಳ್ಳಿ!" ಎಂದ ಪೇಂಟರ್, ಏಣಿಯ ಮೇಲಿಂದಲೇ.

ಆಸ್ಪತ್ರೆಯ ಬಾಗಿಲ ಪಕ್ಕದ ಗೋಡೆಯ ತುಂಬ ನೀಲಿ ಹೂ ಬರೆದೂ ಬರೆದೂ ಮೂರು ದಿನದಲ್ಲಿ ಅವನ ಕತ್ತು ಕೊಕ್ಕರೆಯದಾಗಿತ್ತು. ಈಗ ಡಾಕ್ಟರು ಬಕೆಟ್ಟು ಸುಣ್ಣ ತರಿಸಿಟ್ಟು, ಸಂಜೆಯೊಳಗೆ ಎಲ್ಲಾ ಬಳಿದುಬಿಡಿ ಎನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ಊರಿನ ಬೋರ್ಡೆಲ್ಲ ಬರೆದವನು ಅವನು. ಇವತ್ತು ಹೂವಿಗೆ ಸುಣ್ಣ ಬಿದ್ದರೆ ನಾಳೆ ಹೆಸರಿಗೇ ಸುಣ್ಣ.

"ಕೋಸಲ್ಲ ಡಾಕ್ಟ್ರೇ, ಮುದುರಿದ ಕರ್ಚೀಫು" ಎಂದ ಕಾಂಪೌಂಡರ್.

ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕೂತಿದ್ದ ಅಜ್ಜಿ, "ನಂಗೇನೂ ಕಾಣ್ತಿಲ್ಲಪ್ಪ, ಆದ್ರೂ ಚೆನ್ನಾಗಿಲ್ಲ" ಎಂದರು.

"ಅಜ್ಜೀ, ನಿಮ್ದೊಂದು ಬಾಕಿಯಿತ್ತು ನೋಡಿ!" ಎಂದ ಪೇಂಟರ್.

ಅಷ್ಟರಲ್ಲಿ ಗುಂಯ್ ಎನ್ನುತ್ತ ಹೆಬ್ಬೆರಳು ಗಾತ್ರದ ಕಂದು ಹುಳವೊಂದು ಬಂತು. ಗಾಳಿಗೆ ಮೊಳೆ ಹೊಡೆದು ತೂಗುಹಾಕಿದಂತೆ ಗೋಡೆಯ ಮುಂದೆ ನಿಂತಲ್ಲೇ ನಿಂತು, ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಟ್ಟಿದ್ದ ನಾಲಿಗೆ ಬಿಚ್ಚಿ, ಹೂವಿನ ನಟ್ಟನಡುವೆ ಚುಚ್ಚಿತು.

"ಅಯ್ಯೋ, ಹಕ್ಕಿ!" ಎಂದ ಕಾಂಪೌಂಡರ್.

"ಹಕ್ಕಿಯಲ್ಲ ಕಣಯ್ಯ, ಗಿಡುಗ ಪತಂಗ" ಎಂದರು ಕನ್ನಡಕಕ್ಕೆ ಕಾದಿದ್ದ ಮೇಷ್ಟ್ರು. "ಇದು ಹೂವಿನ ಮೇಲೆ ಕೂರಲ್ಲ. ಹಾರ್ತಾ ಹಾರ್ತಾನೇ ಮಕರಂದ ಹೀರುತ್ತೆ. ಹೂವು ಹುಡುಕೋದ್ರಲ್ಲಿ ಅದರ ಕಣ್ಣು ಬಲು ಚುರುಕು."

ಪತಂಗ ಎರಡನೇ ಹೂವಿಗೆ ಹೋಯಿತು, ಮೂರನೆಯದಕ್ಕೂ ಹೋಯಿತು. ಪೇಂಟರ್ ಏಣಿಯಿಳಿದು ಎದೆ ಸೆಟೆಸಿದ.

"ನೋಡಿ ಸ್ವಾಮಿ! ಶಾಲೆ ಮೆಟ್ಟಿಲು ಹತ್ತದ ಹುಳಕ್ಕೆ ಕಾಣೋದು ನಿಮಗೆ ಕಾಣಲ್ವಾ? ಈಗ ಹೇಳಿ, ಹೂವೋ ಕೋಸೋ?"

ಬೀದಿಯೇ ನೆರೆಯಿತು. "ನಾನಾಗ್ಲೇ ಹೂವು ಅಂದಿದ್ದೆ" ಎಂದರು ಅಜ್ಜಿ.

ಡಾಕ್ಟರು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಬಹಳ ಹೊತ್ತಿನ ಮೇಲೆ ತಲೆದೂಗಿದರು.

"ತಪ್ಪಾಯ್ತಪ್ಪ. ಹೂವೇ. ಅಪ್ಪಟ ಹೂವು."

ಪೇಂಟರ್ ಮೀಸೆಯ ಮೇಲೆ ಕೈಯಿಟ್ಟ.

"ಅದಕ್ಕೇ ಈಗಿಂದೀಗ್ಲೇ ಸುಣ್ಣ ಬಳೀರಿ. ಆಪರೇಷನ್ ಆದೋರು ಓಡಾಡೋ ಬಾಗಿಲಿದು. ಇಲ್ಲಿ ಹುಳ ಕರೆಯೋ ಹೂವಾ? ಕೋಸೇ ಆಗಿದ್ರೆ ಹಾಳಾಗ್ಲಿ ಅಂತ ಬಿಡಬಹುದಿತ್ತು."

ಪೇಂಟರ್ ಮೀಸೆಯಿಂದ ಕೈ ತೆಗೆದ. ಸುಣ್ಣದ ಬಕೆಟ್ಟು ಎತ್ತಿ ಡಾಕ್ಟರ ಕೈಗೇ ಕೊಟ್ಟ.

"ಕೋಸಿಗಾದ್ರೆ ಬಳೀತಿದ್ದೆ. ಹೂವಿಗೆ ಬಳಿಯಲ್ಲ. ನೀವೇ ಬಳ್ಕೊಳ್ಳಿ."

ಗೇಟು ದಾಟಿ ನಡೆದೇಬಿಟ್ಟ. ಮತ್ತೆ ಏಣಿ ಒಯ್ಯಲಿಕ್ಕೂ ಬರಲಿಲ್ಲ.