ಮಾದರಿಯಪ್ಪನ ಒಂದು ದಿನದ ಸರ್ವೀಸು

ಬೇಕಿದ್ದದ್ದು ಒಂದೇ ಒಂದು ಉದಾಹರಣೆ. ಅದಕ್ಕೊಂದು ಹೆಸರು. ಪಾಪ, ಕೈಪಿಡಿಯ ಹಣೆಬರಹಕ್ಕೆ ಅದೂ ಸುಲಭವಾಗಿ ಸಿಗಲಿಲ್ಲ.

ಕೈಪಿಡಿ ಅಂದರೆ ಪುಸ್ತಕವಲ್ಲ, ಮನುಷ್ಯ. ಗ್ರಾಹಕರ ದೂರು-ದುಮ್ಮಾನ ನಿಭಾಯಿಸುವ ಸಾಫ್ಟ್‌ವೇರ್ ಮಾಡಿ ಮಾರುವ ಕಂಪನಿಯಲ್ಲಿ ಆರು ವರ್ಷದಿಂದ ಕೈಪಿಡಿ ಬರೆಯುತ್ತಿದ್ದುದರಿಂದ ಅವನಿಗೆ ಆ ಹೆಸರೇ ಅಂಟಿಕೊಂಡಿತ್ತು. ಆರು ವರ್ಷವೂ ಗುತ್ತಿಗೆ ಕೆಲಸ. ಅವತ್ತು ಸಂಜೆ ಐದಕ್ಕೆ ಮ್ಯಾನೇಜರು ಒಬ್ಬರನ್ನು, ಒಬ್ಬರನ್ನೇ, ಕಾಯಂ ಮಾಡುವವರಿದ್ದರು. "ರೀ, ಈ ಸಲ ಆಗೇ ಆಗುತ್ತೆ ಅಂತ ನಮ್ಮಣ್ಣನಿಗೂ ಹೇಳ್ಬಿಟ್ಟಿದೀನಿ. ಮಾನ ಕಳೀಬೇಡಿ," ಎಂದು ಹೆಂಡತಿ ಬಾಗಿಲಲ್ಲೇ ನಿಂತು ಹರಸಿ ಕಳಿಸಿದ್ದಳು.

ಕಂಪನಿ ಹೊಸದಾಗಿ ಎಐ ಏಜೆಂಟುಗಳನ್ನು, ಅಂದರೆ ಸೂಚನೆ ಓದಿ ತಾವೇ ಕೆಲಸ ಮಾಡುವ ಪ್ರೋಗ್ರಾಮುಗಳನ್ನು, ಕೆಲಸಕ್ಕೆ ಹಚ್ಚಿತ್ತು. ದೂರು ಬಂದ ಕೂಡಲೇ ಏಜೆಂಟು ಸಿಬ್ಬಂದಿ ಪಟ್ಟಿಯಲ್ಲಿ ತಕ್ಕವರನ್ನು ಹುಡುಕಿ ಅವರಿಗೆ ದಾಟಿಸಬೇಕು. ಹುಡುಕುವ ಟೂಲು ತಯಾರಿತ್ತು. ಅದನ್ನು ಹೇಗೆ ಬಳಸಬೇಕೆಂದು ಏಜೆಂಟುಗಳಿಗೆ ತಿಳಿಸುವ ಒಂದು ಪುಟ ಬರೆಯುವುದಷ್ಟೇ ಕೈಪಿಡಿಯ ಪಾಲಿನ ಕೆಲಸ.

"ಮೇಡಂ, ಉದಾಹರಣೆಗೆ ನಿಮ್ಮ ಹೆಸರು ಹಾಕ್ಲಾ?" ಎಂದು ಮಾರಾಟ ವಿಭಾಗದ ಮೇಡಂ ಅವರನ್ನು ಕೇಳಿದ.

"ಕೈ ಮುಗೀತೀನಿ ಮಾರಾಯ್ರೇ! ಹೋದ ಸಲ ಉದಾಹರಣೆ ಅಂತ ನನ್ನ ಫೋನ್ ನಂಬರ್ ಹಾಕಿದ್ರಿ. ಆರು ತಿಂಗಳು ಊರೋರೆಲ್ಲ ನಂಗೇ ಫೋನ್ ಮಾಡಿ ಬೈದ್ರು."

ಪಕ್ಕದ ಕುರ್ಚಿಯ ಪರೀಕ್ಷಕನಿಗೆ ಸಂಶಯರಾಯ ಎಂದು ಹೆಸರು. ಕೇಳದಿದ್ದರೂ ಸಲಹೆ ಕೊಡುವುದು ಅವನ ಹುಟ್ಟುಗುಣ. "ಸುಳ್ಳು ಹೆಸರು ಬರೆದ್ರೆ ನಾನು ಪಾಸ್ ಮಾಡಲ್ಲ ಕಣೋ. ಹುಡುಕಿದ್ರೆ ಪಟ್ಟಿಯಲ್ಲಿ ಸಿಗ್ಬೇಕು. ಒಬ್ಬನ್ನ ಸೃಷ್ಟಿಸು."

ಕೈಪಿಡಿ ಸಿಬ್ಬಂದಿ ಪಟ್ಟಿಯಲ್ಲೇ ಒಬ್ಬನನ್ನು ಸೃಷ್ಟಿಸಿದ. ಹೆಸರು: ಮಾದರಿಯಪ್ಪ. ಹುದ್ದೆ ತುಂಬದಿದ್ದರೆ ಫಾರಂ ಮುಂದಕ್ಕೆ ಹೋಗದು. ಸಂಶಯರಾಯ ಬಗ್ಗಿ ನೋಡಿ, "ಹಿರಿಯ ಅಧಿಕಾರಿ ಅಂತ ಹಾಕು, ನಿಮ್ಮಪ್ಪನ ಗಂಟೇನು ಹೋಗುತ್ತೆ?" ಎಂದ. ಹಾಕಿದ. ವಿಭಾಗ? "ಎಲ್ಲಾ." ಹತ್ತೂವರೆಗೆ ಪುಟ ಏಜೆಂಟುಗಳ ಕೈಸೇರಿತು.

ಹನ್ನೊಂದಕ್ಕೆ ಇಡೀ ಆಫೀಸು ತಣ್ಣಗಾಗಿತ್ತು. ಯಾರಿಗೂ ಒಂದೇ ಒಂದು ದೂರಿಲ್ಲ. ಎಲ್ಲರೂ ಏಜೆಂಟುಗಳನ್ನು ಹೊಗಳುತ್ತಾ ಕಾಫಿಗೆ ಎದ್ದರು. ಕೈಪಿಡಿ ಮಾತ್ರ ಯಾಕೋ ಅನುಮಾನ ಬಂದು ಮಾದರಿಯಪ್ಪನ ಖಾತೆ ತೆರೆದು ನೋಡಿದ. ಅಲ್ಲಿ ನಲವತ್ತೇಳು ದೂರುಗಳು ಬಂದು ಕೂತಿದ್ದವು.

"ಉದಾಹರಣೆ ಅಂತ ಬರೆದಿದೀಯೋ ಇಲ್ವೋ?" ಎಂದ ಕಾಫಿ ಲೋಟ ಹಿಡಿದು ಬಂದ ಸಂಶಯರಾಯ.

"ಬರೆದಿದೀನಿ ಮಾರಾಯ! 'ಉದಾಹರಣೆಗೆ, ಮಾದರಿಯಪ್ಪನನ್ನು ಹುಡುಕಿ, ದೂರನ್ನು ಅವನಿಗೆ ದಾಟಿಸಿ' ಅಂತ. ಅದು ಹಾಗೇ ಮಾಡ್ತಾ ಇದೆ. ಆರು ವರ್ಷದಲ್ಲಿ ನಾನು ಬರೆದಿದ್ದನ್ನ ಅಕ್ಷರ ಬಿಡದೆ ಓದಿದ್ದು ಇದೊಂದೇ ಕಣೋ, ಅದೂ ನನ್ನ ಗ್ರಹಚಾರಕ್ಕೆ!"

ಕೂಡಲೇ ಪುಟ ತಿದ್ದಿದ. ಆದರೆ ತಿದ್ದಿದ ಪುಟ ಏಜೆಂಟುಗಳಿಗೆ ತಲುಪುವುದು ಸಂಜೆ ಐದಕ್ಕೆ, ದಿನಕ್ಕೊಂದೇ ಸಲ. ಮ್ಯಾನೇಜರಿಗೆ ಹೇಳೋಣವೆಂದರೆ ಕಾಯಂ ಹೋಗಲಿ, ಗುತ್ತಿಗೆಯೂ ಕಿತ್ತುಹೋಗುತ್ತದೆ. ಮಾದರಿಯಪ್ಪನನ್ನೇ ಅಳಿಸೋಣವೆಂದರೆ ಬಂದ ದೂರುಗಳೂ ಜೊತೆಗೇ ಅಳಿಸಿಹೋಗುತ್ತವೆ. ಸುಮ್ಮನಿರೋಣವೆಂದರೆ ಗ್ರಾಹಕರು ಬಿಡುವವರಲ್ಲ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನಂತೆ ಒಂದು ನಿಮಿಷ ಒದ್ದಾಡಿ, ಮಾಡಿದ್ದುಣ್ಣೋ ಮಹಾರಾಯ ಎಂದು ಮಾದರಿಯಪ್ಪನ ಹೆಸರಲ್ಲಿ ತಾನೇ ಉತ್ತರಿಸಲು ಕೂತ.

ಊಟ ಇಲ್ಲ, ನೀರಿಲ್ಲ. "ಪಾಸ್‌ವರ್ಡ್ ಮರೆತೆ" ಎಂದವನಿಗೆ ಸಮಾಧಾನ, "ನಿಮ್ಮ ಕಂಪನಿ ಹಾಳಾಗಿ ಹೋಗಲಿ" ಎಂದವಳಿಗೆ ಧನ್ಯವಾದ. ಆರು ವರ್ಷದ ಕೈಪಿಡಿಗಳೆಲ್ಲ ಅವನಿಗೆ ಬಾಯಿಪಾಠ. ಇಡೀ ಕಂಪನಿಯಲ್ಲಿ ಹಾಗೆ ಗೊತ್ತಿದ್ದವನು ಅವನೊಬ್ಬನೇ. ನಡುವೆ ಮ್ಯಾನೇಜರು ಎರಡು ಸಲ ಹಾದುಹೋದರು. ಎರಡು ಸಲವೂ ಅವನು ಪರದೆ ಕಾಣದಂತೆ ಅದಕ್ಕೆ ಬೆನ್ನು ಕೊಟ್ಟು, ಕಿಟಕಿ ನೋಡುತ್ತಾ ಹಲ್ಲು ಕಿರಿದ. ಐದಕ್ಕೆ ಐದು ನಿಮಿಷವಿರುವಾಗ ನೂರ ನಲವತ್ತಮೂರನೆಯ ದೂರು ಮುಗಿಯಿತು. ಇನ್ನು ಮಾದರಿಯಪ್ಪನನ್ನು ಅಳಿಸಿಬಿಟ್ಟರೆ ಆಯಿತು ಎಂದು ಕೈ ಚಾಚುವಷ್ಟರಲ್ಲಿ ಎಲ್ಲರೂ ಮೀಟಿಂಗ್ ಹಾಲಿಗೆ ಬರಬೇಕೆಂದು ಕರೆ ಬಂತು.

ಮ್ಯಾನೇಜರ ಮುಖ ಅರಳಿತ್ತು. "ಇವತ್ತು ಒಬ್ಬರೇ ನೂರ ನಲವತ್ತಮೂರು ದೂರು ಮುಗಿಸಿದಾರೆ! ಕಾಫಿಗೆ ಎದ್ದಿಲ್ಲ, ಹರಟೆ ಹೊಡೆದಿಲ್ಲ, ರಜೆ ಕೇಳಿಲ್ಲ. ಮನೆಯಿಂದಲೇ ಕೆಲಸ ಮಾಡ್ತಾರೆ ಅನ್ಸುತ್ತೆ, ನಾನೂ ಮುಖ ನೋಡಿಲ್ಲ. ಇಂಥವರನ್ನ ಕಾಯಂ ಮಾಡದೆ ಇನ್ಯಾರನ್ನ ಮಾಡ್ಲಿ? ಮಾದರಿಯಪ್ಪನವರಿಗೆ ಚಪ್ಪಾಳೆ!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಸಂಶಯರಾಯ.

"ಸಾರ್, ಅವರು... ಅವರು ಯಾರು ಅಂದ್ರೆ..." ಎಂದು ಕೈಪಿಡಿ ಕೈ ಎತ್ತಿದ.

"ನಿಮ್ಮ ವಿಷಯಕ್ಕೇ ಬರ್ತಿದ್ದೆ. ಬೆಳಿಗ್ಗೆಯಿಂದ ನೀವು ಮಾಡಿರೋದು ಒಂದು ಪುಟ ಕಣ್ರೀ, ಒಂದೇ ಪುಟ! ನಾನು ಬಂದಾಗಲೆಲ್ಲ ಕಿಟಕಿ ನೋಡ್ತಾ ಕೂತಿದ್ರಿ. ನಾಳೆಯಿಂದ ಅವರ ಕೈಕೆಳಗೆ ಇರಿ. ನಿಮ್ಮ ಗುತ್ತಿಗೆ ಮುಂದುವರಿಸ್ಬೇಕೋ ಬೇಡ್ವೋ, ಅವರೇ ಬರೆದು ಕೊಡ್ಲಿ."

ಹೊರಗೆ ಬಂದರೆ ಫೋನು ಬಡಿದುಕೊಳ್ಳುತ್ತಿತ್ತು. "ಏನ್ರೀ, ಆಯ್ತಾ?"

"ಆಯ್ತು ಕಣೆ. ನಂಗಲ್ಲ. ಮಾದರಿಯಪ್ಪ ಅಂತ ಒಬ್ಬನಿಗೆ."

"ಯಾವಾಗ ಸೇರಿದ್ದು ಅವನು?"

"ಇವತ್ತು ಬೆಳಿಗ್ಗೆ."

ಆ ಕಡೆಯಿಂದ ದೊಡ್ಡದೊಂದು ನಿಟ್ಟುಸಿರು.

"ನೋಡಿ ಕಲೀರಿ."